ಮೊಮ್ಮಕ್ಕಳ ರಾಜ್ಯ

1562ನೆಯ ಇಸವಿಯ ಜನವರಿ ತಿಂಗಳಿನ ಮೊದಲ ವಾರದಲ್ಲಿ ಲಂಡನ್ ನಗರದ ಜನರು ಒಂದು ಅಪೂರ್ವ ದೃಶ್ಯವನ್ನು ಕಂಡರು. ಬರಿದಲೆಯವರೂ, ಗುಂಗುರು ಕೂದಲನ್ನು ಭುಜದ ಮೇಲೆ ಇಳಿಬಿಟ್ಟವರೂ, ಕೇಸರಿಯ ಬಣ್ಣ ಹಾಕಿದ ಅಗಲ ತೋಳಿನ ಅಂಗಿಗಳನ್ನು ತೊಟ್ಟವರೂ ಆದ ಭಟರು ಕೈಯಲ್ಲಿ ಕೊಡಲಿಗಳನ್ನು ಹಿಡಿದು ರಾಣಿ ಎಲಿಜಬೆತಳ ಆಸ್ಥಾನದ ಕಡೆಗೆ ನಡೆದಿದ್ದರು. ಅವರ ಒಡೆಯನ ಹೆಸರು ಷೇನ್ ಓನೀಲ್. ಐರ್ಲೆಂಡಿನ ಉತ್ತರ ಭಾಗವಾದ ಅಲ್‌ಸ್ಟರಿನಲ್ಲಿ ಅವನ ಮಾತೇ ಕಾನೂನು. ಅಂತಹವನು ರಾಣಿಯ ಮುಂದೆ ಉದ್ದಕ್ಕೂ ಅಡ್ಡಬಿದ್ದು, ತನ್ನ ಅಪರಾಧವನ್ನು ಐರಿಷ್ ಭಾಷೆಯಲ್ಲಿ ಗೋಳಿಡುತ್ತ ಒಪ್ಪಿಕೊಂಡನು. ಆಸ್ಥಾನಿಕರು ಯಾವುದೋ ಕಂಡರಿಯದ ಖಂಡದಿಂದ ಬಂದವರನ್ನು ನೋಡುವಂತೆ ಇವರನ್ನು ನೋಡುತ್ತ ನಿಂತರು.

ತಪ್ಪೊಪ್ಪಿಗೆಗೆ ಬಾಗಿದ ಷೇನ್ ಹಕ್ಕಿನ ಮಾತು ಬಂದಾಗ ಬಾಗಲಿಲ್ಲ. ವ್ಯಾಜ್ಯವೇನೋ ಕೇಳುವುದಕ್ಕೆ ಸರಳವಾದದ್ದು. ಅವನ ತಂದೆ ಕಾನ್ ಓನೀಲ್ 1542ರಲ್ಲಿ ಇಂಗ್ಲೆಂಡಿಗೆ ಹೋಗಿ, ತನ್ನ ಕುಲದ ಹಳೆಯ ಪದವಿಯನ್ನು ಎಂಟನೆಯ ಹೆನ್ರಿಗೆ ಒಪ್ಪಿಸಿ, ಅದಕ್ಕೆ ಪ್ರತಿಯಾಗಿ ಟೈರೋನಿನ ಅರ್ಲ್ ಎಂಬ ಆಂಗ್ಲ ಬಿರುದನ್ನು ಪಡೆದು ಬಂದಿದ್ದನು. ತನ್ನ ತರುವಾಯ ಮ್ಯಾಥ್ಯೂ ಎಂಬ ಮಗನೇ ಉತ್ತರಾಧಿಕಾರಿಯೆಂದು ಆ ಪತ್ರದಲ್ಲಿ ಬರೆಸಿಯೂ ಇದ್ದನು. ಈ ಮ್ಯಾಥ್ಯೂ ಡಂಡಾಕ್ ಊರಿನ ಒಬ್ಬ ಕಮ್ಮಾರನ ಮನೆಯಲ್ಲಿ, ಕಮ್ಮಾರನ ಮಗನೆಂದೇ ಬೆಳೆದವನು. ಹುಡುಗನು ದೊಡ್ಡವನಾದ ಮೇಲೆ ಅವನ ತಾಯಿ ‘ಇವನು ಓನೀಲನ ಮಗ’ ಎಂದಳು. ಕಾನ್ ಸಹ ‘ಹೌದು’ ಎಂದನು. ‘ಅವನು ನನ್ನ ತಂದೆಯ ಮಗನಲ್ಲ, ಕಮ್ಮಾರನ ಮಗ’ ಎಂಬುದು ಷೇನನ ಮೊದಲನೆಯ ವಾದ. ಇದನ್ನು ಇಂಗ್ಲೆಂಡಿನ ವಕೀಲರು ಸುಲಭವಾಗಿ ಅರ್ಥಮಾಡಿಕೊಂಡರು. ಅವರನ್ನು ತಬ್ಬಿಬ್ಬುಗೊಳಿಸಿದ್ದು ಎರಡನೆಯ ವಾದ. ಮ್ಯಾಥ್ಯೂ ನಿಜವಾಗಿಯೂ ಮಗನೇ ಆಗಿದ್ದರೂ ಸರಿಯೆ, ಓನೀಲ್ ಪದವಿಯನ್ನು ಅವನಿಗೆ ಕೊಡಲು ಕಾನನಿಗೆ ಅಧಿಕಾರವೇ ಇರಲಿಲ್ಲ. ಅದು ಕಾನನ ಸ್ವಂತ ಆಸ್ತಿಯಲ್ಲ. ಅವನು ಬದುಕಿರುವವರೆಗೆ ಅನುಭವಿಸಬಹುದಾಗಿದ್ದ, ಕುಲವು ಆರಿಸಿ ಕೊಟ್ಟ ಸ್ಥಾನ. ಅವನು ಸತ್ತೊಡನೆ ಆ ಸ್ಥಾನ ಕುಲಕ್ಕೆ ಹಿಂದಿರುಗುತ್ತದೆ, ಕುಲವು ತನ್ನನ್ನು ಆರಿಸಿದೆ ಎಂದು ಷೇನ್ ಸಾಧಿಸಿದನು.

ಇದು ಜಗಳಗಂಟನೊಬ್ಬನು ಆ ಹೊತ್ತಿಗೆ ಕಟ್ಟಿದ ಯುಕ್ತಿಯಲ್ಲ. ಇದರ ಬೇರು ಸಾವಿರ ವರ್ಷಗಳ ಆಳಕ್ಕೆ ಇಳಿದಿದೆ.

ರೋಮನ್ ಚಕ್ರಾಧಿಪತ್ಯವು ಬ್ರಿಟನ್ನನ್ನು ಗೆದ್ದುಕೊಂಡಿತು. ಆದರೆ ಅದರ ಪಶ್ಚಿಮಕ್ಕಿರುವ ಐರ್ಲೆಂಡಿನಲ್ಲಿ ಅದರ ಆಳ್ವಿಕೆ ನಡೆಯಲಿಲ್ಲ. ಎರಡನೆಯ ಶತಮಾನದ ಭೂಗೋಳಶಾಸ್ತ್ರಜ್ಞ ಟಾಲೆಮಿ ಆ ದ್ವೀಪದ ಕೆಲವು ಜನಾಂಗಗಳ ಹೆಸರುಗಳನ್ನು ಬರೆದಿಟ್ಟಿದ್ದಾನೆ. ದ್ವೀಪದವರೇ ಬರೆದುಕೊಂಡ ಮೊದಲ ಬರೆಹಗಳು ಕಲ್ಲಿನ ಮೇಲಿನವು. ನಾಲ್ಕನೆಯ ಶತಮಾನದಿಂದ ಏಳನೆಯ ಶತಮಾನದವರೆಗೆ, ಹೆಚ್ಚಾಗಿ ದಕ್ಷಿಣದ ಕೆರಿ, ಕಾರ್ಕ್, ವಾಟರ್‌ಫರ್ಡ್ ಸೀಮೆಗಳಲ್ಲಿ, ನಿಲುಗಲ್ಲುಗಳ ಅಂಚಿನ ಉದ್ದಕ್ಕೂ ಗೀರುಗಳನ್ನು ಕೊರೆದು ಅವರು ಹೆಸರುಗಳನ್ನು ಕೆತ್ತಿದರು. ಓಗಮ್ ಎಂಬುದು ಈ ಲಿಪಿಯ ಹೆಸರು. ಈ ಶಾಸನಗಳಲ್ಲಿ ಸ್ತುತಿಯಿಲ್ಲ, ಶಾಪವಿಲ್ಲ, ದಾನದ ಮಾತಿಲ್ಲ. ಇಂಥವನ ಕಲ್ಲು, ಇಂಥವನ ಮಗ, ಇಂಥ ಕುಲದವನು—ಇಷ್ಟೆ. ಡಿಂಗಲ್ ಎಂಬ ಚಾಚುಭೂಮಿಯ ಕಲ್ಲುಗಳಲ್ಲಿ ಕುಲದ ಮೂಲಕ್ಕೆ ‘ದೊವಿನಿಯ’ ಎಂಬ ಹೆಣ್ಣು ಹೆಸರಿದೆ. ಅವಳು ಕುಲದ ತಾಯಿಯೋ ದೇವತೆಯೋ, ಅವಳ ಹೆಸರನ್ನು ಆ ಸೀಮೆ ಇಂದಿಗೂ ಹೊತ್ತಿದೆ. ಐರಿಷ್ ಭಾಷೆಯಲ್ಲಿ ಅದು ಕೋರ್ಕ ಗ್ವಿನೆ, ಎಂದರೆ ದೊವಿನಿಯಳ ಸಂತತಿ.

ಇಂತಹ ಒಂದೊಂದು ಜನಸಮುದಾಯಕ್ಕೂ ‘ತೂಅಥ್’ ಎಂದು ಹೆಸರು. ಒಂದೊಂದು ತೂಅಥಿಗೂ ಒಬ್ಬ ರಾಜ. ಐದನೆಯ ಶತಮಾನದಿಂದ ಹನ್ನೆರಡನೆಯ ಶತಮಾನದವರೆಗೆ ಯಾವ ಕಾಲದಲ್ಲಿ ಎಣಿಸಿದರೂ ಆ ದ್ವೀಪದಲ್ಲಿ ಸುಮಾರು 150 ರಾಜರಾದರೂ ಸಿಕ್ಕುತ್ತಿದ್ದರೆಂದು ವಿದ್ವಾಂಸರ ಅಂದಾಜು. ಮೈಸೂರು ಸಂಸ್ಥಾನಕ್ಕಿಂತ ಸ್ವಲ್ಪವೇ ದೊಡ್ಡದಾದ ನಾಡಿನಲ್ಲಿ ಇಷ್ಟು ಮಂದಿ ರಾಜರೇ ಎಂದು ನಗು ಬರಬಹುದು. ಆದರೆ ‘ರಾಜ’ ಎಂಬುದಕ್ಕೆ ಅವರ ಶಬ್ದ ‘ರೀ’. ಸಂಸ್ಕೃತದ ರಾಜನ್, ಲ್ಯಾಟಿನ್ನಿನ ರೆಕ್ಸ್, ಐರಿಷಿನ ರೀ ಮೂರೂ ಒಂದೇ ಬಳ್ಳಿಯ ಕಾಯಿಗಳು. ಹೆಸರು ದೊಡ್ಡದು, ರಾಜ್ಯ ಚಿಕ್ಕದು. ನಗರಗಳಿರಲಿಲ್ಲ, ನಾಣ್ಯಗಳಿರಲಿಲ್ಲ, ಐಶ್ವರ್ಯವೆಂದರೆ ದನ. ಒಡೆಯನು ತನ್ನ ಆಶ್ರಿತನಿಗೆ ಹಸುಗಳನ್ನು ಕೊಡುವನು. ಆಶ್ರಿತನು ವರ್ಷವರ್ಷವೂ ಧಾನ್ಯ, ಮಾಂಸ, ಬೆಣ್ಣೆಗಳನ್ನು ಸಲ್ಲಿಸುವನು. ಪ್ರತಿಯೊಬ್ಬನ ಮಾನಕ್ಕೂ ಕಾನೂನಿನಲ್ಲಿ ಒಂದು ಬೆಲೆ. ತೂಅಥಿನ ರಾಜನ ಮಾನದ ಬೆಲೆ ಏಳು ‘ಕುಮಲ್’. ಕುಮಲ್ ಎಂದರೆ ಮೂಲಾರ್ಥದಲ್ಲಿ ದಾಸಿ; ಲೆಕ್ಕದಲ್ಲಿ ಮೂರು ಕರೆಯುವ ಹಸು. ಅಂತೂ ರಾಜನಿಗೆ ಅವಮಾನ ಮಾಡಿದವನು 21 ಹಸುಗಳನ್ನು ಹೊಡೆದುಕೊಂಡು ಬಂದು ಅವನ ಕೊಟ್ಟಿಗೆಯಲ್ಲಿ ಕಟ್ಟಬೇಕು.

ಸುಮಾರು 700ರ ಹೊತ್ತಿಗೆ ಬರೆದ ‘ಕ್ರೀಥ್ ಗಬ್ಲಖ್’ ಎಂಬ ಧರ್ಮಶಾಸ್ತ್ರ ಗ್ರಂಥವು ಇಂತಹ ರಾಜನ ವಾರದ ದಿನಚರಿಯನ್ನೇ ಕೊಡುತ್ತದೆ. ಭಾನುವಾರ ಜನರೊಡನೆ ಮದ್ಯಪಾನ, ಸೋಮವಾರ ನ್ಯಾಯತೀರ್ಮಾನ, ಮಂಗಳವಾರ ಮಣೆಯಾಟ, ಬುಧವಾರ ಬೇಟೆನಾಯಿಗಳ ಓಟ, ಗುರುವಾರ ಮಡದಿಗೆ ಮೀಸಲು, ಶುಕ್ರವಾರ ಕುದುರೆಯ ಪಂದ್ಯ, ಶನಿವಾರ ಮತ್ತೆ ನ್ಯಾಯತೀರ್ಮಾನ. ಇದನ್ನು ಬರೆದ ಪಂಡಿತನು ಯಾವ ರಾಜನೂ ಇದನ್ನು ಪಾಲಿಸುವನೆಂದು ನಂಬಿರಲಾರ. ಆದರೂ ಕಾನೂನನ್ನು ರಾಜನು ಮಾಡುವುದಲ್ಲ, ಕಾನೂನೇ ರಾಜನನ್ನು ಮಾಡುವುದು ಎಂಬ ಅಭಿಪ್ರಾಯ ಆ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ರಾಜನಾಗುವವನಿಗೆ ಅಂಗದೋಷವಿರಕೂಡದೆಂಬುದೂ ಅಂತಹದೇ ಒಂದು ನಿಯಮ. ಅಲ್‌ಸ್ಟರಿನ ಕೊಂಗಲ್ ಎಂಬ ರಾಜನಿಗೆ ಜೇನುಹುಳು ಕಚ್ಚಿ ಒಂದು ಕಣ್ಣು ಹೋಯಿತು. ಅದರಿಂದ ಅವನು ಟಾರಾದ ರಾಜಪದವಿಯನ್ನು ಕಳೆದುಕೊಂಡನು ಎಂದು ಏಳನೆಯ ಶತಮಾನದ ಒಂದು ಗ್ರಂಥ ಹೇಳುತ್ತದೆ. ಆ ಗ್ರಂಥದ ವಿಷಯ ರಾಜನೀತಿಯಲ್ಲ, ಜೇನುಸಾಕಣೆಯ ಕಾನೂನು. ಹುಳು ಕಚ್ಚಿದರೆ ಜೇನಿನ ಯಜಮಾನನು ಏನು ಪರಿಹಾರ ಕೊಡಬೇಕೆಂಬುದಕ್ಕೆ ಪೂರ್ವದ ನಿದರ್ಶನವಾಗಿ ಒಂದು ರಾಜ್ಯ ಹೋದ ಕಥೆ ಅದರಲ್ಲಿ ಬಂದಿದೆ. ಕೊಂಗಲನೋ ಒಕ್ಕಣ್ಣನೆಂಬ ಅಡ್ಡಹೆಸರನ್ನು ಹೊತ್ತೇ 637ರಲ್ಲಿ ಯುದ್ಧಭೂಮಿಯಲ್ಲಿ ಸತ್ತನು.

ಇನ್ನು ಷೇನ್ ಹೇಳಿದ ಉತ್ತರಾಧಿಕಾರದ ಮಾತು. ಇಂಗ್ಲೆಂಡಿನಲ್ಲಿ ಹಿರಿಯ ಮಗನಿಗೆ ಪಟ್ಟ. ಐರ್ಲೆಂಡಿನಲ್ಲಿ ಹಾಗಲ್ಲ. ಒಬ್ಬನೇ ಮುತ್ತಜ್ಜನಿಂದ ಗಂಡುಸಂತತಿಯಲ್ಲಿ ಇಳಿದು ಬಂದ ದಾಯಾದಿಗಳೆಲ್ಲರೂ ಸೇರಿ ಒಂದು ‘ದೆರ್ಬ್‌ಫಿನೆ’, ಅಂದರೆ ನಿಜಕುಲ. ಭೂಮಿಯ ಹಕ್ಕು, ಸಾಲದ ಹೊಣೆ, ಕೊಲೆಗೆ ಪರಿಹಾರ ಎಲ್ಲವೂ ಈ ನಾಲ್ಕು ತಲೆಮಾರಿನ ವಲಯದೊಳಗೆ. ರಾಜನ ಕುಲದಲ್ಲಿ ಆ ವಲಯದವನು ಯಾವನಾದರೂ ರಾಜನಾಗಬಲ್ಲ ವಸ್ತು. ‘ರೀಗ್‌ದಮ್ನ’ ಎಂಬ ಅವರ ಶಬ್ದಕ್ಕೆ ಅಕ್ಷರಶಃ ಅರ್ಥವೂ ಅದೇ. ತಮ್ಮನಿರಲಿ, ಚಿಕ್ಕಪ್ಪನಿರಲಿ, ದೊಡ್ಡಪ್ಪನ ಮೊಮ್ಮಗನಿರಲಿ, ಯೋಗ್ಯನಾದವನನ್ನು ಆರಿಸತಕ್ಕದ್ದು. ರಾಜನಿರುವಾಗಲೇ ಆರಿಸಿಟ್ಟ ಉತ್ತರಾಧಿಕಾರಿಗೆ ‘ತಾನಿಷ್ಟೆ’ ಎಂದು ಹೆಸರು. ಇಂದಿನ ಐರ್ಲೆಂಡ್ ಗಣರಾಜ್ಯದಲ್ಲಿ ಉಪಪ್ರಧಾನಿಯ ಅಧಿಕೃತ ಪದನಾಮ ಇದೇ.

ನಾಲ್ಕು ತಲೆಮಾರಿನ ಈ ಮಿತಿ ಪಟ್ಟದ ವಿಷಯದಲ್ಲಿ ಎಲ್ಲ ಕಾಲಕ್ಕೂ ಕಟ್ಟುನಿಟ್ಟಾಗಿ ನಡೆಯಿತೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಅದರ ಒತ್ತಡ ಮಾತ್ರ ಎಲ್ಲ ಮನೆಗಳ ಮೇಲೂ ಇತ್ತು. ತಂದೆ ರಾಜನಾಗಲಿಲ್ಲ, ಅಜ್ಜನೂ ಆಗಲಿಲ್ಲ ಎಂದರೆ ಮಗನ ಹಕ್ಕಿನ ಬಣ್ಣ ಮಾಸುತ್ತಿತ್ತು; ಇನ್ನೊಂದು ತಲೆಮಾರು ಕಳೆದರೆ ಆ ಶಾಖೆಯವರು ರಾಜವಂಶೀಯರೆಂಬ ಹೆಸರನ್ನೂ ಕಳೆದುಕೊಂಡು ಸಾಧಾರಣ ಒಡೆಯರ ಸಾಲಿಗೆ ಇಳಿಯುತ್ತಿದ್ದರು. ಆದುದರಿಂದ ಪ್ರತಿಯೊಬ್ಬ ದಾಯಾದಿಯೂ ತನಗೊಬ್ಬನಿಗಾಗಿ ಅಲ್ಲ, ಇನ್ನೂ ಹುಟ್ಟದ ಮೊಮ್ಮಕ್ಕಳಿಗಾಗಿ ಪಟ್ಟದ ಕಡೆಗೆ ಕೈ ಚಾಚಲೇಬೇಕಾಗಿತ್ತು. ಯೋಗ್ಯನನ್ನು ಆರಿಸುವ ಈ ಉದಾರವಾದ ಪದ್ಧತಿಯೇ ಮನೆಮನೆಯಲ್ಲೂ ಕತ್ತಿಯನ್ನು ಹಿರಿಸಿತು. ದಾಯಾದಿಯನ್ನು ಕೊಲ್ಲುವುದು ಅವರ ಧರ್ಮಶಾಸ್ತ್ರದಲ್ಲಿ ಘೋರವಾದ ಪಾಪ. ಏಕೆಂದರೆ ಕೊಲೆಗೆ ಸೇಡು ತೀರಿಸಬೇಕಾದವರೂ ಪರಿಹಾರ ಪಡೆಯಬೇಕಾದವರೂ ಆ ಕೊಲೆಗಾರನ ಮನೆಯವರೇ. ಹಾಗಿದ್ದೂ, ಮಠಗಳಲ್ಲಿ ಸಂನ್ಯಾಸಿಗಳು ಬರೆದಿಟ್ಟ ವಾರ್ಷಿಕ ವೃತ್ತಾಂತಗಳಲ್ಲಿ ‘ತನ್ನವರಿಂದಲೇ ಹತನಾದನು’ ಎಂಬ ಒಕ್ಕಣೆ ಮೇಲಿಂದ ಮೇಲೆ ಬರುತ್ತದೆ.

ಈ ಪಂದ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಗೆದ್ದವರು ‘ಒಂಬತ್ತು ಒತ್ತೆಯಾಳುಗಳ’ ನಿಯಾಲನ ಸಂತತಿಯವರು. ಐದನೆಯ ಶತಮಾನದವನೆನ್ನಲಾದ ಈ ನಿಯಾಲನ ಸುತ್ತ ಕಥೆಗಳು ಎಷ್ಟು ಬೆಳೆದಿವೆಯೆಂದರೆ ಒಳಗಿನ ಮನುಷ್ಯನು ಕಾಣಿಸುವುದೇ ಕಷ್ಟ. ಅವನ ಮಕ್ಕಳ ಹೆಸರಿನಲ್ಲಿ ಉತ್ತರದಲ್ಲಿಯೂ ಮಧ್ಯದೇಶದಲ್ಲಿಯೂ ಮನೆತನಗಳು ಬೆಳೆದವು. ಅಲ್‌ಸ್ಟರಿನ ಹಳೆಯ ಜನಾಂಗದವರನ್ನು ಪೂರ್ವದ ಕಡಲಂಚಿಗೆ ತಳ್ಳಿದವು. ಟಾರಾ ದಿಬ್ಬದ ಅಧಿರಾಜ ಪದವಿಯನ್ನು ತಮ್ಮದಾಗಿಸಿಕೊಂಡವು. 734ರಿಂದ 1002ರವರೆಗೆ ಒಂದು ಅಪವಾದವನ್ನು ಬಿಟ್ಟರೆ ಉತ್ತರದ ಒಂದು ಶಾಖೆ, ದಕ್ಷಿಣದ ಒಂದು ಶಾಖೆ ಸರದಿಯಂತೆ ಆ ಪದವಿಯನ್ನು ಅನುಭವಿಸಿದವು.

ಆ ಸರದಿಯನ್ನು ಮುರಿದವನು ಬ್ರಯನ್ ಬೋರೂ. ಷ್ಯಾನನ್ ನದಿಯ ದಡದ ದಾಲ್ ಕಾಶ್ ಎಂಬ ಚಿಕ್ಕ ಕುಲದವನು ಇವನು. ಇವನ ಹಿರಿಯರು ಮನ್‌ಸ್ಟರ್ ಪ್ರಾಂತದ ದೊಡ್ಡ ರಾಜವಂಶದ ಕೈಕೆಳಗೆ ಬಾಳಿದವರು. ಹತ್ತನೆಯ ಶತಮಾನದಲ್ಲಿ ಇವರ ಕೈ ಮೇಲಾಯಿತು. ಕ್ಯಾಷೆಲಿನ ಬಂಡೆಯ ಮೇಲಿನ ಸಿಂಹಾಸನ ಇವರದಾಯಿತು. ಆಗ ವಂಶಾವಳಿಯ ಪಂಡಿತರು ತಮ್ಮ ಪುಸ್ತಕಗಳನ್ನು ಬಿಚ್ಚಿ ನೋಡಿದರು. ಏನಾಶ್ಚರ್ಯ! ದೊಡ್ಡ ವಂಶದ ಮೂಲಪುರುಷನಿಗೆ ಕಾಶ್ ಎಂಬ ಒಬ್ಬ ಸೋದರನಿದ್ದನಂತೆ. ದಾಲ್ ಕಾಶ್ ಕುಲ ಅವನ ಸಂತತಿಯಂತೆ. ಪಟ್ಟವು ಎರಡು ಶಾಖೆಗಳಿಗೂ ಸರದಿಯಿಂದ ಸಲ್ಲಬೇಕೆಂದು ಮೊದಲಿನಿಂದ ಒಪ್ಪಂದವೇ ಇತ್ತಂತೆ! ಇದೊಂದು ಹೊಸ ಹೊಲಿಗೆಯೆಂಬುದು ಇತಿಹಾಸಕಾರರಿಗೆ ಈಗ ಸ್ಪಷ್ಟವಾಗಿದೆ. ಆದರೆ ಇದನ್ನು ಬರಿಯ ಸುಳ್ಳೆಂದು ತಳ್ಳಿಹಾಕುವುದೂ ಸರಿಯಲ್ಲ. ಅವರ ಕಣ್ಣಿನಲ್ಲಿ ವಂಶಾವಳಿಯು ಹಿಂದೆ ನಡೆದುದರ ಲೆಕ್ಕವಷ್ಟೇ ಅಲ್ಲ. ಇಂದು ಯಾರು ಯಾರಿಗೆ ಏನಾಗಬೇಕು ಎಂಬುದರ ನಕ್ಷೆ. ನೆಲದ ಮೇಲೆ ಗಡಿ ಸರಿದರೆ ನಕ್ಷೆಯೂ ಸರಿಯಬೇಕು. ಎಲ್ಲ ಕುಲಗಳನ್ನೂ ಸ್ಪೇನಿನಿಂದ ಬಂದ ಮೀಲ್ ಎಂಬ ವೀರನಿಗೆ ಕಟ್ಟಿ, ಅವನನ್ನು ಬೈಬಲಿನ ನೋವನಿಗೆ ಕಟ್ಟಿ, ಆದಮನವರೆಗೆ ಮುಟ್ಟಿಸಿದ ಪಂಡಿತರಿಗೆ ಬ್ರಯನನ ನಾಲ್ಕೈದು ತಲೆಮಾರುಗಳನ್ನು ಹೊಂದಿಸುವುದು ಏನು ಮಹಾ!

ಬ್ರಯನ್ 1014ರ ಏಪ್ರಿಲ್ 23ರಂದು, ಗುಡ್ ಫ್ರೈಡೆಯ ದಿನ, ಡಬ್ಲಿನ್ನಿನ ಬಳಿಯ ಕ್ಲಾಂಟಾರ್ಫ್ ಯುದ್ಧದಲ್ಲಿ ಮಡಿದನು. ಅವನ ಮೊಮ್ಮಕ್ಕಳ ಪೀಳಿಗೆಯವರು ಓಬ್ರಯನ್ ಎನಿಸಿಕೊಂಡರು. ‘ಓ’ ಎಂದರೆ ಮೊಮ್ಮಗ. ‘ಮಕ್’ ಎಂದರೆ ಮಗ. ಮನೆತನದ ಹೆಸರುಗಳು ಹೀಗೆ ನೆಲೆಯಾಗತೊಡಗಿದ್ದು ಹತ್ತು ಹನ್ನೊಂದನೆಯ ಶತಮಾನಗಳಲ್ಲಿ. ಯುರೋಪಿನಲ್ಲಿ ಇಷ್ಟು ಹಿಂದೆಯೇ ಮನೆತನದ ಹೆಸರನ್ನು ಇಟ್ಟುಕೊಂಡವರು ವಿರಳ. ಓನೀಲರ ಹೆಸರಿನ ನಿಯಾಲನು ಒಂಬತ್ತು ಒತ್ತೆಯಾಳುಗಳವನಲ್ಲ. ಅವನ ವಂಶದಲ್ಲಿಯೇ ಬಹು ತಲೆಮಾರುಗಳ ತರುವಾಯ ಹುಟ್ಟಿ, 919ರಲ್ಲಿ ಡಬ್ಲಿನ್ನಿನ ನಾರ್ಸ್ ಜನರೊಡನೆ ಹೋರಾಡಿ ಸತ್ತ ‘ಕರಿಮೊಣಕಾಲಿನ’ ನಿಯಾಲ್.

ಟೈರೋನಿನ ಟಲಿಹೋಗ್ ಎಂಬ ದಿಬ್ಬದ ಮೇಲೆ ಓನೀಲರ ಕಲ್ಲಿನ ಪೀಠವಿತ್ತು. ಕುಲದವರು ಆರಿಸಿದವನನ್ನು ಅಲ್ಲಿ ಕುಳ್ಳಿರಿಸುವರು. ಅಧೀನ ಮನೆತನವಾದ ಓಕಾಹನರ ಮುಖ್ಯನು ಅವನ ತಲೆಯ ಮೇಲಿಂದ ಒಂದು ಪಾದರಕ್ಷೆಯನ್ನು ಎಸೆಯುವನು. ಅಂದಿನಿಂದ ಆತನಿಗೆ ಸ್ವಂತ ಹೆಸರಿಲ್ಲ. ಅವನು ಬರಿಯ ‘ಓನೀಲ್’. ಪಟ್ಟಾಭಿಷೇಕದ ವಿಧಿಗಳಲ್ಲಿ ಇದಕ್ಕಿಂತ ವಿಚಿತ್ರವಾದುದನ್ನು ಹನ್ನೆರಡನೆಯ ಶತಮಾನದ ಲೇಖಕ ವೇಲ್ಸಿನ ಜೆರಾಲ್ಡನು ವರ್ಣಿಸಿದ್ದಾನೆ. ನೆರೆಯ ಡೊನೆಗಾಲಿನ ಕುಲವೊಂದು ಬಿಳಿಯ ಹೆಣ್ಣುಕುದುರೆಯನ್ನು ಬಲಿಕೊಟ್ಟು ಬೇಯಿಸಿ, ಹೊಸ ರಾಜನನ್ನು ಆ ಸಾರಿನಲ್ಲಿಯೇ ಕೂರಿಸಿ ಮಾಂಸವನ್ನು ಹಂಚುತ್ತಿತ್ತಂತೆ. ಜೆರಾಲ್ಡನು ದಂಡೆತ್ತಿ ಬಂದ ನಾರ್ಮನ್ನರ ಬಂಧು; ಸೋತವರನ್ನು ಅನಾಗರಿಕರೆಂದು ತೋರಿಸಿದಷ್ಟೂ ಅವನಿಗೆ ಲಾಭ. ಆದರೂ ಭಾಷಾ ಪುರಾಣಗಳ ತೌಲನಿಕ ಅಧ್ಯಯನ ಮಾಡಿದವರು ಇದನ್ನು ಓದಿ ಬೆಚ್ಚಿದರು. ಭಾರತದ ಅಶ್ವಮೇಧದ ನೆನಪು ಅವರಿಗೆ ಬಂದಿತು. ಸಾಲಗಾರನಾದ ಒಡೆಯನ ಮನೆಬಾಗಿಲಲ್ಲಿ ಉಪವಾಸ ಕುಳಿತು ನ್ಯಾಯ ಪಡೆಯುವ ಐರಿಷ್ ಪದ್ಧತಿಗೂ ಭಾರತದ ಧರಣಿಗೂ ಇರುವ ಸಾಮ್ಯವನ್ನು 1875ರಷ್ಟು ಹಿಂದೆಯೇ ಸರ್ ಹೆನ್ರಿ ಮೇನ್ ಗುರುತಿಸಿದ್ದನು.

ಷೇನನ ಕಥೆಗೆ ಹಿಂದಿರುಗಿದರೆ, ಅವನ ಎರಡು ವಾದಗಳು ಒಂದನ್ನೊಂದು ಒಪ್ಪುವುದಿಲ್ಲವೆಂಬುದು ಈಗ ತಿಳಿಯುತ್ತದೆ. ಮದುವೆಯಾದ ಹೆಂಡತಿಯ ಮಗನಿಗೇ ಹಕ್ಕು ಎಂಬ ಮೊದಲ ವಾದ ಇಂಗ್ಲೆಂಡಿನದು. ಐರ್ಲೆಂಡಿನ ರೂಢಿಯಲ್ಲಿ ತಾಯಿ ಹೆಸರಿಸಿ ತಂದೆ ಒಪ್ಪಿದ ಮೇಲೆ ಕಮ್ಮಾರನ ಮನೆಯಲ್ಲಿ ಬೆಳೆದ ಹುಡುಗನೂ ಓನೀಲನ ಮಗನೇ. ಎರಡನೆಯ ವಾದ ಮಾತ್ರ ಅಪ್ಪಟ ಐರಿಷ್. ಎರಡು ದೋಣಿಗಳಲ್ಲಿ ಕಾಲಿಟ್ಟ ಷೇನ್ ಎರಡನ್ನೂ ಕೆಲವು ಕಾಲ ನಡೆಸಿದನು. ಮ್ಯಾಥ್ಯೂ 1558ರಲ್ಲಿಯೇ ಷೇನನ ಕಡೆಯವರಿಂದ ಹತನಾಗಿದ್ದನು. ಷೇನ್ ಲಂಡನ್ನಿನಲ್ಲಿರುವಾಗಲೇ, 1562ರ ಏಪ್ರಿಲಿನಲ್ಲಿ, ಮ್ಯಾಥ್ಯೂವಿನ ಹಿರಿಯ ಮಗ ಬ್ರಯನನನ್ನು ಇನ್ನೊಬ್ಬ ದಾಯಾದಿ ಕೊಲ್ಲಿಸಿದನು. 1567ರಲ್ಲಿ ಷೇನನೂ ಆಶ್ರಯ ಬೇಡಿ ಹೋದ ಸ್ಕಾಟ್ ಜನರ ಕೈಯಲ್ಲಿ ಸತ್ತನು.

ಉಳಿದವನು ಮ್ಯಾಥ್ಯೂವಿನ ಇನ್ನೊಬ್ಬ ಮಗ, ಇಂಗ್ಲಿಷರ ರಕ್ಷಣೆಯಲ್ಲಿ ಬೆಳೆದ ಹ್ಯೂ. ಇವನ ಮೈಯಲ್ಲಿ ಓನೀಲರ ರಕ್ತವಿತ್ತೋ ಡಂಡಾಕಿನ ಕಮ್ಮಾರನದೋ, ದೇವರೇ ಬಲ್ಲ. ಆದರೆ ಯೋಗ್ಯನಾದವನಿಗೆ ಪಟ್ಟ ಎಂಬ ಹಳೆಯ ಮಾತು ನಿಜವಾದದ್ದು ಇವನಲ್ಲಿಯೇ. 1585ರಲ್ಲಿ ಟೈರೋನಿನ ಅರ್ಲ್ ಎನಿಸಿ ಆಂಗ್ಲ ಬಿರುದನ್ನು ಹೊತ್ತನು. 1595ರಲ್ಲಿ ಟಲಿಹೋಗಿನ ಕಲ್ಲಿನ ಮೇಲೆ ಕುಳಿತು ‘ಓನೀಲ್’ ಆದನು. 1598ರಲ್ಲಿ ಯೆಲ್ಲೋ ಫೋರ್ಡ್ ಎಂಬಲ್ಲಿ ರಾಣಿಯ ಸೈನ್ಯವನ್ನು ನುಚ್ಚುನೂರು ಮಾಡಿದನು. ಎಲಿಜಬೆತಳ ಆಳ್ವಿಕೆಯಲ್ಲಿ ಐರ್ಲೆಂಡ್ ಅವಳಿಗೆ ಕೊಟ್ಟ ಪೆಟ್ಟುಗಳಲ್ಲಿ ಇಷ್ಟು ದೊಡ್ಡದು ಮತ್ತೊಂದಿಲ್ಲ. ಆದರೆ 1601ರ ಕೊನೆಯಲ್ಲಿ, ಸ್ಪೇನಿನ ನೆರವು ಬಂದಿಳಿದ ಕಿನ್ಸೇಲಿನಲ್ಲಿ, ಒಂದೇ ಬೆಳಗಿನ ಯುದ್ಧದಲ್ಲಿ ಎಲ್ಲವೂ ಕೈತಪ್ಪಿತು. ಮರುವರ್ಷ ರಾಣಿಯ ಸೇನಾಪತಿ ಮೌಂಟ್‌ಜಾಯ್ ಟಲಿಹೋಗಿಗೆ ಹೋಗಿ ಕಲ್ಲಿನ ಪೀಠವನ್ನು ಒಡೆದು ಚೂರುಮಾಡಿಸಿದನು. ಊರುಗಳನ್ನು ಸುಟ್ಟ ಸೈನ್ಯಕ್ಕೆ ಒಂದು ಕಲ್ಲನ್ನು ಒಡೆಯುವ ಅಗತ್ಯ ಕಂಡಿತೆಂದರೆ, ಆ ಕಲ್ಲಿನ ಬೆಲೆಯನ್ನು ಮೌಂಟ್‌ಜಾಯ್ ಸರಿಯಾಗಿಯೇ ಅರಿತಿದ್ದನು.

1607ರ ಸೆಪ್ಟೆಂಬರಿನಲ್ಲಿ ಹ್ಯೂ ಓನೀಲನೂ ಡೊನೆಗಾಲಿನ ಮುಖ್ಯನೂ ಸುಮಾರು ನೂರು ಮಂದಿ ಪರಿವಾರದೊಡನೆ ರತ್‌ಮಲನ್ ಎಂಬಲ್ಲಿ ಹಡಗನ್ನೇರಿ ಹೊರಟರು. ಹ್ಯೂ ಮತ್ತೆ ಐರ್ಲೆಂಡನ್ನು ಕಾಣಲಿಲ್ಲ. 1616ರಲ್ಲಿ ರೋಮಿನಲ್ಲಿ ತೀರಿಕೊಂಡನು. ಅವರು ಬಿಟ್ಟುಹೋದ ಭೂಮಿಯನ್ನು ಇಂಗ್ಲೆಂಡ್ ಸ್ಕಾಟ್ಲೆಂಡುಗಳ ಒಕ್ಕಲುಗಳಿಗೆ ಹಂಚಲಾಯಿತು. 1608ರಲ್ಲಿ ಮನ್‌ಸ್ಟರಿನ ಒಂದು ಮನೆತನದ ಜಮೀನಿನ ವ್ಯಾಜ್ಯದಲ್ಲಿ ಡಬ್ಲಿನ್ನಿನ ನ್ಯಾಯಾಧೀಶರು ತೀರ್ಪಿತ್ತರು: ತಾನಿಷ್ಟೆಯ ಪದ್ಧತಿ ಅನಿಶ್ಚಿತವಾದದ್ದು, ಯುಕ್ತವಲ್ಲದ್ದು, ಆದುದರಿಂದ ಅಸಿಂಧು. ಷೇನ್ ಹೇಳಿದ ಎರಡನೆಯ ವಾದಕ್ಕೆ 46 ವರ್ಷಗಳ ತರುವಾಯ ದೊರೆತ ಉತ್ತರ ಇದು.

ಮುಖ್ಯರು ಹೋದ ಮೇಲೆ ಅವರ ವಂಶಾವಳಿಗಳನ್ನು ಕಾಯುತ್ತಿದ್ದ ಪಂಡಿತ ಮನೆತನಗಳ ಗತಿ ಏನಾಯಿತು? ಸ್ಲೈಗೋ ಸೀಮೆಯ ಮಕ್‌ಫರ್ಬಿಸ್ ಮನೆತನದವರು ತಲೆತಲಾಂತರದಿಂದ ಈ ಕಸುಬಿನವರು. ಅವರಲ್ಲಿ ಕೊನೆಯ ವಿದ್ವಾಂಸ ದುಅಲ್ತಖ್, 1649-50ರಲ್ಲಿ, ಕ್ರಾಮ್‌ವೆಲ್ಲನ ಸೈನ್ಯ ದೇಶವನ್ನು ತುಳಿಯುತ್ತಿದ್ದಾಗ, ಗಾಲ್ವೇ ಪಟ್ಟಣದಲ್ಲಿ ಕುಳಿತು ತನಗೆ ದೊರೆತ ವಂಶಾವಳಿಗಳೆಲ್ಲವನ್ನೂ ಒಂದು ಮಹಾಗ್ರಂಥದಲ್ಲಿ ಬರೆದಿಟ್ಟನು. ಓಡಿಹೋದವರದೂ ಸತ್ತವರದೂ ಅದರಲ್ಲಿವೆ. ಭೂಮಿಯನ್ನು ಕಿತ್ತುಕೊಂಡ ನಾರ್ಮನ್ನರ ಮನೆತನಗಳೂ ಬಿಟ್ಟುಹೋಗಿಲ್ಲ. ಬರೆಸಿ ಬಹುಮಾನ ಕೊಡುವ ರಾಜನು ಯಾವನೂ ಇರಲಿಲ್ಲ. ಬಡವನೂ ವೃದ್ಧನೂ ಆಗಿದ್ದ ಅವನನ್ನು 1671ರಲ್ಲಿ ತನ್ನ ಸೀಮೆಯಲ್ಲಿಯೇ ಒಬ್ಬನು ಇರಿದು ಕೊಂದನು.

ಮುಖ್ಯಸ್ಥಾನಗಳ ಆಸೆ ಮಾತ್ರ ಸಾಯಲಿಲ್ಲ. ಇಪ್ಪತ್ತನೆಯ ಶತಮಾನದ ನಡುವಿನಿಂದ ಐರ್ಲೆಂಡ್ ಸರ್ಕಾರದ ವಂಶಾವಳಿ ಕಚೇರಿ ಕೆಲವು ಹಳೆಯ ಕುಲಗಳ ಈಗಿನ ಯಜಮಾನರನ್ನು ಗುರುತಿಸಿ ಮಾನ್ಯತೆ ಕೊಡುತ್ತಿತ್ತು. ಅದೂ ಹಿರಿಯ ಮಗನ ಲೆಕ್ಕದಲ್ಲಿ! ದಕ್ಷಿಣದ ಒಂದು ಮಹಾಕುಲದ ಯಜಮಾನನೆಂದು 1992ರಲ್ಲಿ ಮಾನ್ಯತೆ ಪಡೆದಾತನ ವಂಶಾವಳಿ ಕಟ್ಟುಕಥೆಯೆಂದು ತಿಳಿದು, 1999ರಲ್ಲಿ ಆ ಮಾನ್ಯತೆ ರದ್ದಾಯಿತು. ದಾಲ್ ಕಾಶಿನವರು ಮೊದಲು ರಾಜ್ಯವನ್ನು ಗೆದ್ದು ಆಮೇಲೆ ಮುತ್ತಜ್ಜನನ್ನು ಹುಡುಕಿಕೊಂಡಿದ್ದರು. ಈತನಿಗೆ ಗೆಲ್ಲಲು ಯಾವ ರಾಜ್ಯವೂ ಉಳಿದಿರಲಿಲ್ಲ. ವಿಜ್ಞಾನವೂ ಕೈಯಾಡಿಸದೆ ಬಿಡಲಿಲ್ಲ. ವಾಯವ್ಯ ಐರ್ಲೆಂಡಿನ ಗಂಡಸರಲ್ಲಿ ಸುಮಾರು ಐವರಲ್ಲಿ ಒಬ್ಬನಿಗೆ ಒಂದೇ ಮೂಲಪುರುಷನ ಗುರುತಿದೆಯೆಂದೂ, ಆತ ನಿಯಾಲನೇ ಇರಬಹುದೆಂದೂ 2006ರಲ್ಲಿ ಡಬ್ಲಿನ್ನಿನ ಸಂಶೋಧಕರು ಪ್ರಕಟಿಸಿದರು. ಆ ಗುರುತು ನಿಯಾಲನಿಗಿಂತಲೂ ಹಳೆಯದಿರಬೇಕೆಂದು ಅನಂತರದ ಪರಿಶೀಲನೆಗಳು ಸೂಚಿಸಿವೆ.

ಯಜಮಾನರನ್ನು ಗುರುತಿಸುವ ಕೆಲಸವನ್ನು ಸರ್ಕಾರವು 2003ರಲ್ಲಿ ಕೈಬಿಟ್ಟಿತು. ದುಅಲ್ತಖ್ ಮಕ್‌ಫರ್ಬಿಸನ ವಂಶಾವಳಿಗಳ ಮಹಾಗ್ರಂಥವು, ಬರೆದ ಮೂರೂವರೆ ಶತಮಾನಗಳ ಮೇಲೆ, ಅದೇ 2003ರಲ್ಲಿ ಐದು ಸಂಪುಟಗಳಾಗಿ ಅಚ್ಚಾಗಿ ಬಂದಿತು.